ಬೀಳಲು ತಕ್ಕ ಉಡುಪು: ಬಳಕೆದಾರರ ಕೈಪಿಡಿ

ಪೆಟ್ಟಿಗೆ ಬಿಚ್ಚುವ ಮುನ್ನ

ಹೊಸ ಬೈಕ್ ಕೊಂಡಿದ್ದೀರಿ, ಸಂತೋಷ. ಮುಂದಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿದೆ, ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ ಬಿದ್ದಿದೆ, ರಟ್ಟಿನ ದೊಡ್ಡ ಬೀಗದಕೈ ಹಿಡಿದು ಮನೆಮಂದಿಯೆಲ್ಲ ಫೋಟೊಗೆ ನಿಂತದ್ದೂ ಆಗಿದೆ. ಇನ್ನು ರಕ್ಷಣೆಯ ಕೆಲಸ.

ರಕ್ಷಣೆಯನ್ನು ಬೈಕಿನಿಂದಲೇ ಶುರುಮಾಡಿ. ಬಿದ್ದರೆ ಎಂಜಿನ್‌ಗೆ ಪೆಟ್ಟಾಗಬಾರದೆಂದು ಕ್ರಾಶ್ ಗಾರ್ಡ್, ಗೀರು ಬೀಳಬಾರದೆಂದು ಟ್ಯಾಂಕ್ ಕವರ್, ಸವೆಯಬಾರದೆಂದು ಸೀಟ್ ಕವರ್, ಬಿಸಿಲಿಗೆ ಬಣ್ಣ ಮಾಸಬಾರದೆಂದು ಇಡೀ ಗಾಡಿಗೊಂದು ಹೊದಿಕೆ. ಇಷ್ಟೂ ಬಿಲ್ಲಿಗೆ ಸೇರಿದ ಮೇಲೆ ಉಳಿದ ಚಿಲ್ಲರೆ ನಿಮ್ಮ ಚರ್ಮಕ್ಕೆ ಮತ್ತು ಮೂಳೆಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯೇ ಎಂದು ಯಾರಾದರೂ ಕೇಳಿದರೆ, ಹೊಟ್ಟೆ ಸ್ವಂತದ್ದು, ಬೈಕು ಬ್ಯಾಂಕಿನದು, ಪರರ ಸೊತ್ತನ್ನು ಮೊದಲು ಕಾಪಾಡಬೇಕು ಎಂದು ಉತ್ತರಿಸಿ.

ಷೋರೂಮಿನಲ್ಲಿ ಗಾಡಿಯ ಜೊತೆ ಒಂದು ಹೆಲ್ಮೆಟ್ ಕೊಟ್ಟಿರುತ್ತಾರೆ. ಪ್ರೀತಿಯಿಂದ ಕೊಟ್ಟದ್ದಲ್ಲ; ದ್ವಿಚಕ್ರ ವಾಹನ ಮಾರುವಾಗ ಮಾನಕ ಸಂಸ್ಥೆಯ ಗುಣಮಟ್ಟಕ್ಕೆ ಒಪ್ಪುವ ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಿಮ್ಮ ತಲೆ ಎಷ್ಟು ದೊಡ್ಡದೆಂದು ಅಲ್ಲಿ ಯಾರೂ ಕೇಳಿರುವುದಿಲ್ಲ. ಬಂದದ್ದನ್ನು ಹಾಕಿಕೊಳ್ಳಿ, ಅಥವಾ ಊರಿನಿಂದ ಬರುವ ಭಾವಮೈದುನನಿಗೆ ಎತ್ತಿಡಿ.

ಇನ್ನು ಮೂಲ ವಿಷಯ. ರೈಡಿಂಗ್ ಗೇರ್ ಎಂದರೆ ಬೀಳಲು ಹಾಕಿಕೊಳ್ಳುವ ಬಟ್ಟೆ. ಧಾರೆಗೆ ರೇಷ್ಮೆ ಪಂಚೆ ಇದ್ದ ಹಾಗೆ ಬೀಳುವುದಕ್ಕೆ ಇದು. ತೊಡಕು ಇರುವುದು ಒಂದೇ ಕಡೆ: ಅಂಗಡಿಯ ಕನ್ನಡಿಯ ಮುಂದೆ ಯಾರೂ ಬೀಳುವುದಿಲ್ಲ, ಎದೆಯುಬ್ಬಿಸಿ ನಿಲ್ಲುತ್ತಾರೆ. ಆದ್ದರಿಂದ ನಿಂತವನಿಗೆ ಒಪ್ಪಿದ್ದು ಬಿಲ್ಲಾಗುತ್ತದೆ, ಬಿದ್ದವನಿಗೆ ಬೇಕಾದದ್ದು ಅಂಗಡಿಯಲ್ಲೇ ಉಳಿಯುತ್ತದೆ. ಈ ಕೈಪಿಡಿ ಅದೇ ಪದ್ಧತಿಯನ್ನು ಅನುಸರಿಸುತ್ತದೆ. ಗೇರ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ನಿಮ್ಮನ್ನು ಯಾರು ನೋಡಬೇಕು? ಪೊಲೀಸರೇ, ಗೆಳೆಯರೇ, ಅತ್ತೆ ಮನೆಯವರೇ? ಮಿಕ್ಕದ್ದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ.

ತಲೆ

ನೋಡಬೇಕಾದವರು ಪೊಲೀಸರು ಮಾತ್ರ ಎಂದಾದರೆ ನಿಮ್ಮ ಖರ್ಚು ತೀರ ಕಡಿಮೆ. ಫುಟ್‌ಪಾತಿನಲ್ಲಿ ಹಗ್ಗಕ್ಕೆ ಪೋಣಿಸಿಟ್ಟ ಅರ್ಧ ಹೆಲ್ಮೆಟ್ ಸಾಕು. ಕಿವಿಯ ಮೇಲಕ್ಕೇ ನಿಲ್ಲುತ್ತದೆ, ಬೈತಲೆ ಕೆಡುವುದಿಲ್ಲ, ಬಾಯಿಗೆ ಅಡ್ಡವಿಲ್ಲದ್ದರಿಂದ ಸಿಗ್ನಲ್‌ನಲ್ಲಿ ಉಗುಳಲು ಅನುಕೂಲ. ದೂರದಿಂದ ನೋಡಿದರೆ ಹೆಲ್ಮೆಟ್ಟೇ. ಹತ್ತಿರದಿಂದ ನೋಡುವುದು ಟಾರು ಮಾತ್ರ.

ಲೆಕ್ಕವೂ ನಿಮ್ಮ ಪರವಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ ಹೆಲ್ಮೆಟ್ ಇಲ್ಲದವರ ದಂಡ 1,000 ರೂಪಾಯಿಗೆ ಏರಿತು. ಜನ ಗೊಣಗಿದರು, ಕರ್ನಾಟಕ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಸಾಲುಗಟ್ಟಿ ನಿಂತು ಕಟ್ಟಿದರು. ಹಾಗಾಗಿ ತಲೆಯ ದರ 250ರ ತನಕ ಇಳಿದದ್ದು ದಾಖಲೆಯಲ್ಲಿದೆ. ಅದಕ್ಕಿಂತ ದುಬಾರಿ ಹೆಲ್ಮೆಟ್ ಏಕೆ ಕೊಳ್ಳಬೇಕು ಎಂದು ಯಾರಾದರೂ ವಾದಿಸಿದರೆ ಅಂಕಗಣಿತದ ಮಟ್ಟಿಗೆ ತಪ್ಪು ಹೇಳುವಂತಿಲ್ಲ.

ಐಎಸ್ಐ ಮುದ್ರೆ ಇಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು 2021ರ ಜೂನ್ 1ರಿಂದ ಅಪರಾಧ. ಗುಣಮಟ್ಟದ ಸಂಖ್ಯೆ ಐಎಸ್ 4151. ಮುದ್ರೆ ಕಡ್ಡಾಯವಾದ ಮೇಲೆ ಫುಟ್‌ಪಾತಿನ ಹೆಲ್ಮೆಟ್ಟುಗಳಿಗೂ ಮುದ್ರೆ ಬಂತು, ಸ್ಟಿಕ್ಕರಿಗೇನು ಬರ! ಪರವಾನಗಿ ಸಂಖ್ಯೆ ಇದೆಯೇ, ತಯಾರಕರ ಹೆಸರು ವಿಳಾಸ ಇದೆಯೇ ಎಂದು ತಿರುಗಿಸಿ ನೋಡುವವರನ್ನು ಅಂಗಡಿಯವರು ಇಷ್ಟಪಡುವುದಿಲ್ಲ, ನೀವು ನೋಡಬೇಡಿ. ಅಮೆರಿಕದ ‘ಡಾಟ್’ ಎಂಬ ಗುರುತು ಇದ್ದರೆ ಇನ್ನೂ ಗತ್ತು. ಅದು ತಯಾರಕನೇ ತನಗೆ ತಾನು ಕೊಟ್ಟುಕೊಳ್ಳುವ ಪ್ರಮಾಣಪತ್ರ, ಮಾರಾಟಕ್ಕೆ ಮುಂಚೆ ಅಲ್ಲಿನ ಸರ್ಕಾರ ಪರೀಕ್ಷಿಸಿ ಒಪ್ಪಿಗೆ ಕೊಡುವುದಿಲ್ಲ ಎಂಬುದು ಗೆಳೆಯರಿಗೆ ಗೊತ್ತಿರುವುದಿಲ್ಲ. ಯುರೋಪಿನ ‘ಇಸಿಇ 22.06’ ಎಂಬುದು ಮಾತ್ರ ನಿಜಕ್ಕೂ ಪ್ರಯೋಗಾಲಯದಲ್ಲಿ ಬೀಳಿಸಿ, ತಿರುಚಿ ನೋಡಿದ ಮೇಲೆ ಸಿಗುವಂಥದ್ದು. ಅದರ ಬೆಲೆಯೂ ಹಾಗೇ ಇರುತ್ತದೆ.

ಮಾಲು ವಿದೇಶದ್ದೇ ಆಗಬೇಕೆಂಬ ಹಟ ಬೇಡ. ಬೆಳಗಾವಿಯ ವೇಗಾ ಕಂಪನಿ ದಶಕಗಳಿಂದ ಹೆಲ್ಮೆಟ್ ಮಾಡುತ್ತಿದೆ. ಕುಂದಾ ನಮ್ಮದೆಂದು ಎದೆ ತಟ್ಟಿಕೊಳ್ಳುವ ಬೆಳಗಾವಿಯವರಲ್ಲೂ ಎಷ್ಟೋ ಮಂದಿಗೆ ತಲೆಯ ಮೇಲಿನದೂ ತಮ್ಮ ಊರಿನದೇ ಎಂದು ತಿಳಿದಿರುವುದಿಲ್ಲ.

ಅಂಗಡಿಯವನು ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಅದರ ಮೇಲೆ ಹತ್ತಿ ನಿಂತು, “ನೋಡಿ ಸಾರ್, ಲಾರಿ ಹತ್ತಿದ್ರೂ ಏನೂ ಆಗಲ್ಲ” ಎನ್ನುತ್ತಾನೆ. ಚಪ್ಪಾಳೆ ತಟ್ಟಿ. ಲಾರಿ ಹತ್ತಿದರೆ ಏನಾಗಬಹುದೆಂಬ ಚರ್ಚೆಗೆ ಹೋಗಬೇಡಿ. ಹೆಲ್ಮೆಟ್ಟಿನ ಒಳಗೆ ಬಟ್ಟೆಯ ಮೆತ್ತೆ ಸರಿಸಿದರೆ ಕಾಣುವುದು ಗಣಪತಿ ಮಂಟಪಕ್ಕೆ ತರುತ್ತೇವಲ್ಲ, ಅದೇ ಜಾತಿಯ ಥರ್ಮೊಕೋಲ್. ಅದಕ್ಕಿಂತ ಒತ್ತಾಗಿರುತ್ತದೆ ಅಷ್ಟೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ. ತಲೆಯನ್ನು ಉಳಿಸುವುದು ಥರ್ಮೊಕೋಲು. ಓಡುತ್ತಿದ್ದ ತಲೆ ನೆಲಕ್ಕೆ ತಾಗಿ ಥಟ್ಟನೆ ನಿಂತರೆ ಮಿದುಳು ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ಥರ್ಮೊಕೋಲು ನಜ್ಜಾಗುತ್ತ ಹೋದರೆ ತಲೆಗೆ ನಿಲ್ಲಲು ಎರಡು ಮೂರು ಸೆಂಟಿಮೀಟರ್ ಜಾಗ ಸಿಗುತ್ತದೆ. ಅಷ್ಟು ಜಾಗಕ್ಕಾಗಿ ನೀವು ಹಣ ಕೊಡುತ್ತಿದ್ದೀರಿ. ನೀವು ನೋಡುತ್ತಿರುವುದು ಮಾತ್ರ ಹೊರಗೆ ಬರೆದ ಬೆಂಕಿಯ ಜ್ವಾಲೆಯ ಚಿತ್ರವನ್ನು.

ಹೆಲ್ಮೆಟ್ ತಲೆ ಉಳಿಸುತ್ತದೆ ಎಂಬುದಕ್ಕೆ ಲೆಕ್ಕ ಸಿಕ್ಕಿದ್ದು ಒಬ್ಬ ಪ್ರಸಿದ್ಧನ ಸಾವಿನಿಂದ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ.ಇ. ಲಾರೆನ್ಸ್ ತನ್ನ ಬ್ರಫ್ ಸುಪೀರಿಯರ್ ಬೈಕಿನಲ್ಲಿ ಹೋಗುತ್ತಿದ್ದಾಗ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ಬರಿದಲೆ. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರಚಿಕಿತ್ಸಕ ಇದ್ದ. ಆತ ಆ ಸಾವನ್ನು ಮರೆಯಲಿಲ್ಲ. ಬೈಕಿನಿಂದ ಬಿದ್ದು ಸತ್ತವರ, ಬಿದ್ದೂ ಉಳಿದವರ ತಲೆಗಳ ಲೆಕ್ಕ ಹಾಕಿ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಅದೇ ವರ್ಷ ಬ್ರಿಟಿಷ್ ಸೈನ್ಯ ಓಲೆ ಒಯ್ಯುವ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಸಾಮಾನ್ಯ ಜನರಿಗೆ ಕಡ್ಡಾಯವಾಗಲು 1973 ಆಯಿತು. ನಡುವಿನ 32 ವರ್ಷ ಸಾರ್ವಜನಿಕರು ಸ್ವಾತಂತ್ರ್ಯವನ್ನು ಅನುಭವಿಸಿದರು.

ಅಳತೆಯ ವಿಷಯಕ್ಕೆ ಬಂದರೆ, ತಲೆಗೆ ಸರಾಗವಾಗಿ ಇಳಿಯುವುದನ್ನೇ ಆರಿಸಿ. ಹುಬ್ಬಿನ ಮೇಲೆ ಒಂದು ಬೆರಳಗಲ ಬಿಟ್ಟು ಟೇಪು ಸುತ್ತಿ ಅಳೆಯುವುದು, ಹಾಕಿಕೊಂಡು ಕಾಲು ಗಂಟೆ ಅಂಗಡಿಯಲ್ಲೇ ಕೂರುವುದು, ತೆಗೆದಾಗ ಹಣೆಯಲ್ಲಿ ಒಂದೇ ಕಡೆ ಕೆಂಪು ಕಲೆ ಎದ್ದಿದೆಯೇ ನೋಡುವುದು, ಇವೆಲ್ಲ ಕೆಲಸವಿಲ್ಲದವರ ಕೆಲಸ. ಸರಿಯಾದ ಹೊಸ ಹೆಲ್ಮೆಟ್ ಬಿಗಿಯಾಗಿರುತ್ತದೆ, ಮಾತಾಡಿದರೆ ಒಳಗಿನ ಕೆನ್ನೆ ಹಲ್ಲಿಗೆ ಸಿಗುತ್ತದೆ, ತಲೆ ಅಲ್ಲಾಡಿಸಿದರೆ ಜೊತೆಗೇ ಹಣೆಯ ಚರ್ಮವೂ ಸರಿಯುತ್ತದೆ. ಕೆಲವು ವಾರ ಹಾಕಿದರೆ ಕೆನ್ನೆಯ ಸ್ಪಂಜು ತಾನೇ ಹದಕ್ಕೆ ಬರುತ್ತದೆ. ಆದರೆ ಬಿಗಿಯಾದ ಹೆಲ್ಮೆಟ್ಟಿಗೆ ಒಂದು ದೊಡ್ಡ ದೋಷವಿದೆ: ಕಿವಿಯ ಪಕ್ಕ ಮೊಬೈಲ್ ತುರುಕಲು ಬರುವುದಿಲ್ಲ. ತಲೆಯನ್ನು ಓರೆಮಾಡಿ ಮಾತಾಡುತ್ತ ಹೆಬ್ಬಾಳದ ಫ್ಲೈಓವರ್ ಇಳಿಯುವ ಸೌಲಭ್ಯ ಬೇಕೆಂದಿದ್ದರೆ ಎರಡು ಸೈಜು ದೊಡ್ಡದನ್ನು ಕೊಳ್ಳಿ. ಫೋನು ಹಿಡಿಸಿತೆಂದರೆ ಆ ಹೆಲ್ಮೆಟ್ ನಿಮ್ಮದಲ್ಲ, ಫೋನಿನದು.

ಪಟ್ಟಿ ಕಟ್ಟುವುದು ಐಚ್ಛಿಕ. ಕಟ್ಟಿದ ಮೇಲೆ ಗದ್ದದಡಿ ಎರಡು ಬೆರಳು ಮಾತ್ರ ತೂರುವಂತಿರಬೇಕು, ಹಿಂದಿನಿಂದ ಹೆಲ್ಮೆಟ್ಟಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೂ ಕಳಚಬಾರದು ಎಂದೆಲ್ಲ ಹೇಳುವವರಿದ್ದಾರೆ. ಕಟ್ಟದಿದ್ದರೆ ಒಂದು ಅನುಕೂಲ: ನೀವು ಬೀಳುವ ಮುಂಚೆಯೇ ಹೆಲ್ಮೆಟ್ ಬೇರೆ ಕಡೆ ಹೋಗಿ ಬಿದ್ದಿರುತ್ತದೆ, ಗೀರಿಲ್ಲದೆ ಸಿಗುತ್ತದೆ. ಗದ್ದ ಮುಚ್ಚುವ ಫುಲ್ ಫೇಸ್ ಬೇಕೇ ಎಂದೂ ಕೇಳುತ್ತಾರೆ. ಜರ್ಮನಿಯ ಡೀಟ್‌ಮಾರ್ ಓಟೆ ಅಪಘಾತಕ್ಕೀಡಾದ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಪೆಟ್ಟು ಬಿದ್ದ ಜಾಗಗಳ ನಕ್ಷೆ ಮಾಡಿದಾಗ ಸುಮಾರು ಮೂರನೇ ಒಂದು ಭಾಗ ಗದ್ದದ ಸುತ್ತಲೇ ಬಂತು. ಆದರೆ ಫುಲ್ ಫೇಸ್ ಹಾಕಿದರೆ ಮೀಸೆ ಕಾಣುವುದಿಲ್ಲ.

ಕೊನೆಯದಾಗಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಇಲ್ಲವೇ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಡಿಸುವ ನಮ್ಮ ಪದ್ಧತಿಯ ಬಗ್ಗೆ. ಚೌಕ ಹತ್ತಿರವಾದಾಗ ಬಿಳಿ ಅಂಗಿ ಕಂಡರೆ ಒಂದೇ ಕೈಯಲ್ಲಿ ತಲೆಗೇರಿಸುವ ಚಳಕಕ್ಕೆ ಅಭ್ಯಾಸ ಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ ಎಷ್ಟು ಮಂದಿಯ ಮೊಣಕೈಗೆ ಏನೂ ಆಗಿರಲಿಲ್ಲವೆಂದು ವರದಿ ವಿಂಗಡಿಸಿಲ್ಲ.

ಬಣ್ಣ

ಕಪ್ಪು. ಬೇರೆ ಪ್ರಶ್ನೆಯೇ ಇಲ್ಲ. ಕಪ್ಪು ಹೆಲ್ಮೆಟ್, ಕಪ್ಪು ಜಾಕೆಟ್, ಕಪ್ಪು ಬೈಕ್, ಹಿಂದೆ ಸಂಜೆಗತ್ತಲು.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಒಂದು ಅಧ್ಯಯನ ನಡೆದು 2004ರಲ್ಲಿ ಪ್ರಕಟವಾಯಿತು. ಹೊಳೆಯುವ ಪಟ್ಟಿಯ ಅಥವಾ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಹಾಕಿದ ಸವಾರರಿಗೆ ಗಾಯದ ಅಪಾಯ ಶೇ 37ರಷ್ಟು ಕಡಿಮೆ ಇತ್ತು. ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ಟಿನವರಿಗೆ ಶೇ 24ರಷ್ಟು ಕಡಿಮೆ. ಕಾರಣ ಸರಳ, ಕಾರಿನವನ ಕಣ್ಣಿಗೆ ಬೀಳುತ್ತಾರೆ. ನಮ್ಮಲ್ಲಿ ಪೌರಕಾರ್ಮಿಕರಿಗೂ ಮೆಟ್ರೊ ಕೆಲಸಗಾರರಿಗೂ ಆ ಹಳದಿ ಹಸಿರು ಜಾಕೆಟ್ ಕೊಟ್ಟಿರುವುದು ಅದಕ್ಕೇ. ಅವರನ್ನು ಯಾರೂ ಗುದ್ದಬಾರದು ಎಂದು ಒಪ್ಪುವ ನಾವು ಅದೇ ಬಣ್ಣವನ್ನು ಮೈಮೇಲೆ ಹಾಕಿಕೊಳ್ಳಲು ಒಪ್ಪುವುದಿಲ್ಲ. “ಥೂ, ಸೆಕ್ಯುರಿಟಿಯವನ ಥರ ಕಾಣ್ತೀಯ ಮಗಾ” ಎಂಬ ಒಂದು ಮಾತಿನ ಮುಂದೆ ಆಕ್ಲೆಂಡ್ ನಿಲ್ಲುವುದಿಲ್ಲ.

ಮೈ

ಜಾಕೆಟ್ ಕೊಳ್ಳಲು ಹೊರಟಾಗ ಮನಸ್ಸಿನಲ್ಲಿ ಲಡಾಖ್ ಇರಲಿ. ನೀವು ದಿನವೂ ಹೋಗುವುದು ಬಸವನಗುಡಿಯಿಂದ ಬೆಳ್ಳಂದೂರಿಗೆ ಎಂಬುದನ್ನು ಅಂಗಡಿಯವನಿಗೆ ಹೇಳಬೇಡಿ. ಅವನಿಗೆ ಗೊತ್ತಿದೆ, ಅವನೂ ಹೇಳುವುದಿಲ್ಲ.

ಯುರೋಪಿನ ಇಎನ್ 17092 ಎಂಬ ಮಾನಕದಲ್ಲಿ ಸವಾರಿ ಬಟ್ಟೆಗೆ ಎಎಎ, ಎಎ, ಎ ಎಂಬ ದರ್ಜೆಗಳಿವೆ. ಎಎಎ ಅತಿ ಗಟ್ಟಿ, ರೇಸಿಗೆ ಹೋಗುವಂಥದ್ದು. ಎ ಎಂದರೆ ಊರೊಳಗಿನ ಓಡಾಟಕ್ಕೆ. ಅದಕ್ಕೂ ಕೆಳಗಿನವು ಬಿ, ಸಿ. ದರ್ಜೆ ಬಟ್ಟೆಯ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಆ ಚೀಟಿ ಕತ್ತಿಗೆ ಚುಚ್ಚುತ್ತದೆಂದು ಕತ್ತರಿಸಿ ಎಸೆಯುವುದು ವಾಡಿಕೆ.

ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇರುತ್ತವೆ. ಅವಕ್ಕೂ ಲೆವೆಲ್ 1, ಲೆವೆಲ್ 2 ಎಂಬ ಎರಡು ಮೆಟ್ಟಿಲು. ಬೆನ್ನಿನ ಪ್ಯಾಡನ್ನು ಪರೀಕ್ಷಿಸುವಾಗ ಮೇಲಿನಿಂದ 50 ಜೂಲ್‌ನ ಪೆಟ್ಟು ಹಾಕಿ, ಅಡಿಗೆ ಎಷ್ಟು ಬಲ ದಾಟಿತೆಂದು ಅಳೆಯುತ್ತಾರೆ. ಸರಾಸರಿ 18 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 9ರ ಒಳಗಿದ್ದರೆ ಲೆವೆಲ್ 2. ಅಂದರೆ ಒಂದು ಅಂಕಿ ಮೇಲಕ್ಕೆ ಹೋದರೆ ಬೆನ್ನುಮೂಳೆಗೆ ತಲುಪುವುದು ಅರ್ಧ. ಎಷ್ಟೋ ಜಾಕೆಟ್ಟುಗಳಲ್ಲಿ ಬೆನ್ನಿನ ಜೇಬಿನೊಳಗೆ ಇರುವುದು ಇವೆರಡೂ ಅಲ್ಲ, ಬರೀ ಸ್ಪಂಜು. ಮುಟ್ಟಿದರೆ ಮೆತ್ತಗೆ ಹಿತವಾಗಿರುತ್ತದೆ. ಹೊಸ ಪ್ಯಾಡ್ ಹಾಕಿಸುವ ತನಕ ಜೇಬು ಖಾಲಿ ಕಾಣದಿರಲೆಂದು ಇಟ್ಟದ್ದು. ಆ ‘ತನಕ’ ಎಂಬುದು ನಮ್ಮಲ್ಲಿ ಜಾಕೆಟ್ ಹರಿಯುವ ತನಕ.

ಹೊಂದುತ್ತದೆಯೇ ಎಂದು ನಿಂತೇ ನೋಡಿ. ಕೂತು ನೋಡಿದರೆ ರಗಳೆ. ಅಂಗಡಿಯ ಸ್ಟೂಲಿನ ಮೇಲೆ ಬೈಕಿನಲ್ಲಿ ಕೂತಂತೆ ಕೂತು ಎರಡು ಕೈ ಮುಂದಕ್ಕೆ ಚಾಚಿದಾಗ ನಿಂತಾಗ ಸರಿಯಾಗಿದ್ದ ತೋಳು ಮೇಲಕ್ಕೆ ಜರುಗಿ ಮಣಿಕಟ್ಟು ಬೆತ್ತಲಾಗುತ್ತದೆ, ಸೊಂಟದ ಹಿಂದೆ ಗಾಳಿ ಆಡುತ್ತದೆ, ಮೊಣಕೈ ಪ್ಯಾಡು ಮುಂಗೈಗೆ ಹೋಗಿ ಕೂರುತ್ತದೆ. ಸಡಿಲ ಜಾಕೆಟ್ಟಿನಲ್ಲಿ ಬಿದ್ದಾಗ ಪ್ಯಾಡು ಒಂದು ಕಡೆ, ಮೂಳೆ ಒಂದು ಕಡೆ. ಒಳಗೆ ಸ್ವೆಟರ್ ಹಾಕಿಕೊಳ್ಳಬಹುದೆಂದು ಒಂದು ಸೈಜು ದೊಡ್ಡದು ಕೊಳ್ಳುವವರು ಇದನ್ನು ಓದದೆ ಮುಂದೆ ಹೋಗಬಹುದು.

ಸೆಖೆಯ ಮಾತು ಬೇರೆ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಚರ್ಮದ ಜಾಕೆಟ್ ಹಾಕಿ ಹೊರಟವನಿಗೆ ಬಿಸಿಲೇ ಅಪಘಾತ. ಅದಕ್ಕೆ ಮೆಶ್ ಎಂಬ ಜಾಲರಿ ಬಟ್ಟೆಯ ಜಾಕೆಟ್ ಇದೆ. ಗಾಳಿ ಒಳಹೊಕ್ಕು ಬೆವರು ಆರಿಸುತ್ತದೆ. ಒಂದೇ ಷರತ್ತು, ಗಾಡಿ ಓಡುತ್ತಿರಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಲ್ಲ ಬಟ್ಟೆಯೂ ಒಂದೇ. ಮೆಶ್ ತಂಪು ಕೊಡುವಷ್ಟು ಉಜ್ಜಾಟ ತಡೆಯುವುದಿಲ್ಲ, ಆದ್ದರಿಂದ ಭುಜ ಮೊಣಕೈಗಳ ಕಡೆ ಗಟ್ಟಿ ನೈಲಾನ್ ಸೇರಿಸಿದ್ದನ್ನು ಹುಡುಕಬೇಕು. ಜಾಕೆಟ್ ಹಾಕಿ ಮನೆಯಿಂದ ಹೊರಟಾಗ ಅಮ್ಮ, “ಎಲ್ಲಿಗೋ, ಯುದ್ಧಕ್ಕಾ?” ಎಂದು ಕೇಳುತ್ತಾರೆ. ಹೊಸೂರು ರಸ್ತೆಗೆ ಎಂದರೆ ಸಾಕು.

ಇನ್ನು ಪ್ಯಾಂಟು. ಇಲ್ಲಿ ಬಹುಮತದ ಆಯ್ಕೆ ಸಾಮಾನ್ಯ ಜೀನ್ಸ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಅಷ್ಟು ವೇಗದಲ್ಲಿ ಟಾರಿನ ಮೇಲೆ ಜಾರಿದಾಗ ಮಾಮೂಲಿ ಹತ್ತಿ ಡೆನಿಮ್ ಒಂದು ಸೆಕೆಂಡು ತಾಳಿದರೆ ದೊಡ್ಡದು, ಆಮೇಲಿನದು ತೊಡೆಯ ಸರದಿ. ಕಾಲೇಜು ಹುಡುಗರು ಮೊಣಕಾಲಿನಲ್ಲಿ ಮೊದಲೇ ಹರಿದ ಜೀನ್ಸ್ ಕೊಳ್ಳುವುದರಿಂದ ಆ ಒಂದು ಸೆಕೆಂಡೂ ಉಳಿತಾಯ. ಕೆವ್ಲಾರ್ ಸೇರಿಸಿ ನೇಯ್ದ ಜೀನ್ಸ್ ಸಿಗುತ್ತದೆ. ಕೆವ್ಲಾರ್ ಎಳೆಯನ್ನು ಅಮೆರಿಕದ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವಾಲೆಕ್ 1965ರಲ್ಲಿ ಕಂಡುಹಿಡಿದದ್ದು, ಕಂಪನಿ ಆಗ ಹುಡುಕುತ್ತಿದ್ದದ್ದು ಟೈರುಗಳಿಗೆ ಹಗುರವಾದ ಗಟ್ಟಿ ಎಳೆಯನ್ನು. ಗಾಡಿಯ ಟೈರಿಗೆಂದು ಹೊರಟದ್ದು ಸವಾರನ ಮೊಣಕಾಲಿಗೆ ಬಂದು ಮುಟ್ಟಿತು. ಇಲ್ಲೂ ಮೊದಲ ಪಾಲು ಗಾಡಿಗೇ ಎಂಬುದನ್ನು ಗಮನಿಸಿ.

ಕೈ, ಕಾಲು

ಬೀಳುವಾಗ ಮನುಷ್ಯ ಯೋಚಿಸದೆ ಕೈ ಊರುತ್ತಾನೆ. ಅಂಗೈಯ ಬುಡದಲ್ಲಿ ಹೆಬ್ಬೆರಳಿನ ಕೆಳಗೆ ಒಂದು ಸಣ್ಣ ಮೂಳೆ ಇದೆ. ರಕ್ತದ ಹರಿವು ಕಡಿಮೆ ಇರುವ ಜಾಗವಾದ್ದರಿಂದ ಮುರಿದರೆ ಕೂಡಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಒಳ್ಳೆಯ ಗ್ಲೌಸಿನಲ್ಲಿ ಸರಿಯಾಗಿ ಅಲ್ಲೇ ಒಂದು ಗಟ್ಟಿ ಪ್ಲಾಸ್ಟಿಕ್ ತುಂಡು ಹೊಲಿದಿರುತ್ತಾರೆ, ಅಂಗೈ ರಸ್ತೆಗೆ ಕಚ್ಚಿಕೊಳ್ಳದೆ ಜಾರಲಿ ಎಂದು. ಕೊಳ್ಳುವವರು ಮುಷ್ಟಿಯ ಹೊರಮೈಯಲ್ಲಿರುವ ಗೆಣ್ಣಿನ ಕವಚ ನೋಡುತ್ತಾರೆ, ಅಂಗೈ ತಿರುಗಿಸಿ ನೋಡುವುದಿಲ್ಲ. ನೀವೂ ಹಾಗೇ ಮಾಡಿ. ಬೆರಳ ತುದಿ ಕತ್ತರಿಸಿದ ಗ್ಲೌಸು ಯುಪಿಐ ಒತ್ತಲು ಅನುಕೂಲ.

ಕಾಲಿಗೆ ಹವಾಯಿ ಚಪ್ಪಲಿ. ದೇವಸ್ಥಾನದ ಬಾಗಿಲಲ್ಲಿ ಬಿಡಲು ಸುಲಭ, ಗುಂಡಿಯ ನೀರಿಗೆ ಕಾಲಿಟ್ಟರೂ ಬೇಗ ಆರುತ್ತದೆ. ಕಣಕಾಲು ಮುಚ್ಚುವ ಬೂಟು, ದಾರ ಗೇರ್ ಲಿವರಿಗೆ ಸಿಕ್ಕಿಕೊಳ್ಳದಂತೆ ಮುಚ್ಚಳ, ಇವೆಲ್ಲ ಇವೆ. ಸಿಗ್ನಲ್‌ನಲ್ಲಿ ಕಾಲೂರುವಾಗ ದಾರ ಸಿಕ್ಕಿ ನಿಂತ ಗಾಡಿಯೊಂದಿಗೆ ಪಕ್ಕಕ್ಕೆ ಒರಗಿದವರು ಮಾತ್ರ ಅವುಗಳ ಬಗ್ಗೆ ಆಸಕ್ತಿ ತೋರಿಸುತ್ತಾರೆ.

ಹಿಂದೆ ಕೂರುವವರು

ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವ ವ್ಯಕ್ತಿಗೆ ಭೌತಶಾಸ್ತ್ರ ಅನ್ವಯಿಸುವುದಿಲ್ಲ ಎಂಬುದು ನಮ್ಮ ದೃಢ ನಂಬಿಕೆ. ಮುಂದೆ ಕೂತವನಿಗೆ ಹದಿನಾಲ್ಕು ಸಾವಿರದ ಜಾಕೆಟ್, ಆರು ಸಾವಿರದ ಹೆಲ್ಮೆಟ್. ಹಿಂದೆ ಕೂತವಳಿಗೆ ಹೊಸ ಸೀರೆ, ಮುಡಿಯಲ್ಲಿ ಎರಡು ಮೊಳ ಮಲ್ಲಿಗೆ, ತೊಡೆಯ ಮೇಲೆ ಮಗು, ಮಗುವಿನ ಕೈಯಲ್ಲಿ ಬಲೂನು. ಒಂದೇ ಕಡೆಗೆ ಎರಡೂ ಕಾಲು ಇಳಿಬಿಟ್ಟು, ಒಂದು ಕೈ ಅವನ ಭುಜಕ್ಕೆ, ಇನ್ನೊಂದು ಮಗುವಿಗೆ. ಹಂಪ್ ಬಂದಾಗ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ.

ಇವರಿಗಾಗಿ ಕಾನೂನು ಏನೂ ಮಾಡಿಲ್ಲವೆಂದಲ್ಲ. ಬೈಕಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚಿ ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ಸಾಧನ ಇರಬೇಕೆಂದು ಕೇಂದ್ರ ನಿಯಮ 123 ಹೇಳುತ್ತದೆ. ಅದೇ ನಮ್ಮ ಸೀರೆ ಗಾರ್ಡ್. ಜಗತ್ತಿನ ಗೇರ್ ಚರಿತ್ರೆಗೆ ಇದು ನಮ್ಮ ಕೊಡುಗೆ: ಪಯಣಿಸುವವರ ರಕ್ಷಣೆಯನ್ನು ಅವರಿಗೆ ತೊಡಿಸದೆ ಗಾಡಿಗೆ ಬೋಲ್ಟ್ ಹಾಕಿ ಬಿಗಿಯುವುದು. ತಂತಿಯ ಆ ಜಾಲರಿ ಚೆನ್ನಾಗಿ ಕಾಣುವುದಿಲ್ಲವೆಂದು ಹೊಸ ಬೈಕ್ ತಂದ ವಾರದಲ್ಲೇ ಬಿಚ್ಚಿಸುವ ಹುಡುಗರಿದ್ದಾರೆ. ಸೆರಗು, ಚೂಡಿದಾರದ ದುಪಟ್ಟಾ, ಬುರ್ಖಾ, ಮೂರೂ ಚಕ್ರಕ್ಕೆ ಸಿಕ್ಕಿ ಎಳೆದುಹಾಕಿದ ಸುದ್ದಿಗಳು ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಲೇ ಇರುತ್ತವೆ.

ಹಿಂಬದಿಯವರಿಗೂ ಹೆಲ್ಮೆಟ್ ಎಂದು ಕರ್ನಾಟಕ ಸರ್ಕಾರ ಪಟ್ಟು ಹಿಡಿದದ್ದು 2016ರ ಜನವರಿಯಲ್ಲಿ. ಆ ತಿಂಗಳು ಅರ್ಧ ಹೆಲ್ಮೆಟ್ಟುಗಳಿಗೆ ಸುಗ್ಗಿ. ಮುಡಿ ಕೆಡದಂಥದ್ದು, ಸೀಟಿನಡಿ ಹಿಡಿಸುವಂಥದ್ದು, ಅಗ್ಗದ್ದು, ಈ ಮೂರು ಗುಣಗಳ ಮೇಲೆ ಆಯ್ಕೆ ನಡೆಯಿತು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯವೆಂದು 2019ರ ತಿದ್ದುಪಡಿ ಹೇಳಿತು. 2023ರ ಫೆಬ್ರವರಿಯಿಂದ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ಟೂ ಓಡಿಸುವವರ ಮೈಗೆ ಕಟ್ಟುವ ಪಟ್ಟಿಯೂ ಬೇಕು, ಗಾಡಿ 40 ಕಿಲೋಮೀಟರ್ ವೇಗ ಮೀರಬಾರದು ಎಂಬ ನಿಯಮವೂ ಬಂದಿದೆ. ನಗರದ ಟ್ರಾಫಿಕ್ಕಿನಿಂದಾಗಿ ವೇಗದ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದಾರೆ.

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತನ್ನು ಈ ಕೈಪಿಡಿಯ ತಾಂತ್ರಿಕ ಅನುಬಂಧವಾಗಿ ಸೇರಿಸಿದೆ. ಗಂಡ ಕನ್ನಡಿಯ ಮುಂದೆ ಮೂರನೆಯ ಹೆಲ್ಮೆಟ್ ಹಾಕಿ ನೋಡುತ್ತಿದ್ದ. ಹೆಂಡತಿಯ ಕೈಗೆ ಅಂಗಡಿ ಹುಡುಗ ಏಳು ನೂರರದೊಂದನ್ನು ಕೊಟ್ಟಿದ್ದ.

“ರೀ, ಒಂದು ಕೇಳ್ಲಾ? ಬಿದ್ರೆ ಇಬ್ರೂ ಒಂದೇ ಗಾಡಿಯಿಂದ ತಾನೇ ಬೀಳೋದು?”

“ಬಿಡೇ, ಅಂಥ ಮಾತು ಯಾಕೆ ಆಡ್ತೀಯ, ಒಳ್ಳೇ ದಿನ.”

“ಮಾತಲ್ಲ ರೀ, ರೇಟು ಕೇಳ್ತಿದ್ದೀನಿ.”

ಅಂಗಡಿಯ ಯಜಮಾನ ಒಳಗಿನಿಂದ ಇನ್ನೊಂದು ಒಳ್ಳೆಯದನ್ನು ತೆಗೆಸಿದ. ವ್ಯಾಪಾರ ಬಲ್ಲವನು.

ಮಳೆ

ಮಳೆಗೆ ಜಾಕೆಟ್ಟಿನ ಒಳಗೇ ಜಿಪ್ ಹಾಕಿ ಜೋಡಿಸುವ ತೆಳು ಪದರ ಕೊಟ್ಟಿರುತ್ತಾರೆ. ಅದು ನಿಮ್ಮನ್ನು ಒಣಗಿಸಿಡುತ್ತದೆ, ಹೊರಗಿನ ಜಾಕೆಟ್ ಮಾತ್ರ ನೀರು ಕುಡಿದು ಎರಡು ಪಟ್ಟು ತೂಕವಾಗುತ್ತದೆ, ಮಾರನೆಯ ಬೆಳಿಗ್ಗೆಯೂ ಒದ್ದೆ. ಹೊರಗೆ ಹಾಕುವ ರೇನ್‌ಕೋಟೇ ಲೇಸು. ಚಾರ್ಮಾಡಿ, ಆಗುಂಬೆಗಳಲ್ಲಿ ಜುಲೈ ಮಳೆ ಹಿಡಿದರೆ ಯಾವ ಕಂಪನಿಯ ‘ಶೇಕಡಾ ನೂರು’ ಕೂಡ ಕತ್ತಿನ ಸಂದಿಯಲ್ಲಿ ಸೋಲುತ್ತದೆ. ಅಲ್ಲಿನವರು ಕಾಲ್ಚೀಲದ ಮೇಲೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿ ಬೂಟು ಹಾಕುತ್ತಾರೆ. ಅದಕ್ಕೆ ಯಾವ ಮಾನಕದ ಸಂಖ್ಯೆಯೂ ಇಲ್ಲ, ಆದರೂ ಕೆಲಸ ಮಾಡುತ್ತದೆ. ಉಸಿರಿನ ಹಬೆಗೆ ವೈಸರ್ ಮಂಜಾದರೆ ಒಂದು ಗೆರೆಯಷ್ಟು ತೆರೆದಿಡಿ. ಕಪ್ಪು ವೈಸರ್ ಹಾಕಿಸಿದವರು ಸಂಜೆ ಮಳೆಯಲ್ಲಿ ಮೇಲಕ್ಕೆತ್ತಿ ಓಡಿಸುತ್ತ, ಹನಿಗಳು ಕಣ್ಣಿಗೆ ಚುಚ್ಚುವಾಗ ಸ್ಟೈಲಿನ ಬಗ್ಗೆ ಚಿಂತನೆ ನಡೆಸಬಹುದು.

ಆರೈಕೆ

ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ ತೊಳೆಯಬಹುದಾದದ್ದು. ಇದನ್ನು ಎಷ್ಟೋ ಮಂದಿ ಮೂಗಿನ ಮೂಲಕವೇ ಕಂಡುಕೊಳ್ಳುತ್ತಾರೆ. ಗ್ರೀಸ್ ಕಲೆ ಹೋಗಲೆಂದು ಪೆಟ್ರೋಲ್ ಹಚ್ಚಿ ಒರೆಸಬೇಡಿ; ಥರ್ಮೊಕೋಲು ಪೆಟ್ರೋಲಿನಲ್ಲಿ ಕರಗುತ್ತದೆ, ಹೊರಗೆ ಫಳಫಳ, ಒಳಗೆ ಬೊಕ್ಕೆ. ಕನ್ನಡಿಯ ಕೊಂಬಿಗೆ ನೇತುಹಾಕಿದರೆ ಒಳಗೆ ಅದೇ ಜಾಗದಲ್ಲಿ ಗುಳಿ ಬೀಳುತ್ತದೆ. ಜೋರಾಗಿ ಒಂದು ಸಲ ಬಿದ್ದ ಹೆಲ್ಮೆಟ್ ಮುಗಿಯಿತು, ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಬೀಳದಿದ್ದರೂ ಸುಮಾರು ಐದು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಆದರೂ ತಮ್ಮ ಹಳೆಯದನ್ನು ತಮ್ಮನಿಗೆ ಕೊಡುವುದು ನಮ್ಮ ಕುಟುಂಬ ಪದ್ಧತಿಯಾದ್ದರಿಂದ ಹೊರಗಿನ ಬಿರುಕಿಗೆ ಸ್ಟಿಕ್ಕರ್ ಅಂಟಿಸಿ.

ಜಾಕೆಟ್ ಒಗೆಯುವಾಗ ಪ್ಯಾಡುಗಳನ್ನು ತೆಗೆದು, ತಣ್ಣೀರಿನಲ್ಲಿ ಮೆದು ಸೋಪು ಹಾಕಿ, ನೆರಳಲ್ಲಿ ಒಣಗಿಸಿ. ತೆಗೆದ ಪ್ಯಾಡುಗಳನ್ನು ವಾಪಸು ಹಾಕಲು ಮರೆಯುವುದು ಎಲ್ಲೆಡೆ ಕಂಡುಬಂದಿದೆ. ಕೆಲವು ಮನೆಗಳಲ್ಲಿ ಅವು ಅಡುಗೆಮನೆಯಲ್ಲಿ ಬಿಸಿ ಪಾತ್ರೆಯಡಿ ಪತ್ತೆಯಾಗಿವೆ.

ತೊಂದರೆ ಮತ್ತು ಪರಿಹಾರ

ತೊಂದರೆ: ಗೇರ್ ಹಾಕಿದರೆ ಹತ್ತಿರದ ದಿನಸಿ ಅಂಗಡಿಗೆ ಹೋಗಲು ನಾಚಿಕೆ. ಪರಿಹಾರ: ನಡೆದು ಹೋಗಿ.

ತೊಂದರೆ: ಪಾರ್ಕಿಂಗಿನಲ್ಲಿ ಹೆಲ್ಮೆಟ್ ಕಳುವಾಯಿತು. ಪರಿಹಾರ: ಬೈಕಿಗೆ ಹ್ಯಾಂಡಲ್ ಲಾಕ್, ಡಿಸ್ಕ್ ಲಾಕ್, ಅಲಾರಂ ಮೂರೂ ಇರುವಾಗ ಪಕ್ಕದಲ್ಲಿ ಬಿಡಿಯಾಗಿಟ್ಟದ್ದನ್ನೇ ಕಳ್ಳ ಒಯ್ಯುವುದು ನ್ಯಾಯ. ಅವನ ತಲೆಯ ಅಳತೆ ನಿಮ್ಮದೇ ಆಗಿರಲೆಂದು ಹಾರೈಸಿ.

ತೊಂದರೆ: ಮೋಟೊಜಿಪಿ ಬೈಕ್ ರೇಸಿನ ಸವಾರರಿಗೆ 2018ರಿಂದ ಉಡುಪಿನೊಳಗೆ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದಾರಂತೆ, ನನಗೂ ಬೇಕು. ಪರಿಹಾರ: ಅವರು ಬೀಳುವ ಕಡೆ ಜಲ್ಲಿ ಹಾಸಿರುತ್ತಾರೆ, ಹಿಂದಿನಿಂದ ಬಿಎಂಟಿಸಿ ಬರುವುದಿಲ್ಲ. ಮೊದಲು ಬೆನ್ನಿನ ಸ್ಪಂಜು ಬದಲಿಸಿ.

ತೊಂದರೆ: ಗೇರ್ ಎಲ್ಲ ಬಂತು, ಲಡಾಖಿಗೆ ರಜೆ ಸಿಗಲಿಲ್ಲ. ಪರಿಹಾರ: ಭಾನುವಾರ ಬೆಳಿಗ್ಗೆ ಮೈಸೂರು ಕಡೆಗೆ ಹೊರಡಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಹಾದಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಅದರಿಂದ ಊರೊಳಗಿನ ಹಳೆಯ ದಾರಿಯೇ ಗತಿ. ಕಾರಿನವರು ಬಿಡದಿಯನ್ನು ಹೊರಗಿನಿಂದ ದಾಟಿಕೊಂಡು ಹೋಗುವಾಗ ನೀವು ಅಲ್ಲಿ ತಟ್ಟೆ ಇಡ್ಲಿಯ ಮುಂದೆ ಕೂತಿರುತ್ತೀರಿ. ತಿನ್ನುವಾಗ ಗ್ಲೌಸ್ ತೆಗೆಯಿರಿ. ಜಾಕೆಟ್ಟಿಗೆ ಚಟ್ನಿ ಬಿದ್ದರೆ ‘ಆರೈಕೆ’ ಭಾಗದ ಎರಡನೆಯ ಪ್ಯಾರಾ ನೋಡಿ, ಪ್ಯಾಡುಗಳನ್ನು ಎಣಿಸಿಟ್ಟುಕೊಳ್ಳಿ.